ನಾಲ್ಕು ಬಾಯಿಯ ಒಲೆ

"ದೊಡ್ಡವೆಲ್ಲ ನಮ್ಗೆ ಬ್ಯಾಡ, ಚಿಕ್ಕವು ತೋರ್ಸಿ," ಎಂದು ಚೆಲುವಮ್ಮ ಹೇಳಿಯೇಬಿಟ್ಟಳು. ಹೇಳಿದ ಮೇಲೆ ತಾನೇ ನಾಚಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಗಂಡ ಪಕ್ಕದಲ್ಲಿ ನಿಂತಿರುವಾಗ ಪರಸ್ಥಳದ ಗಂಡಸಿನ ಹತ್ತಿರ ತಾನೇ ಮೊದಲು ಬಾಯಿ ತೆರೆದದ್ದು ಅವಳ ಜನ್ಮದಲ್ಲಿ ಇದೇ ಮೊದಲು.

ಕಂಠಪ್ಪ ದೊಡ್ಡ ಒಲೆಯೊಂದರ ಗುಣಗಾನದಲ್ಲಿ ಅರ್ಧ ದಾರಿ ಬಂದಿದ್ದ. ಅಲ್ಲಿಗೇ ನಿಲ್ಲಿಸಬೇಕಾಗಿ ಬಂದದ್ದು ಅವನಿಗೆ ಅಷ್ಟು ಹಿಡಿಸಲಿಲ್ಲ. ಆದರೂ ಗಿರಾಕಿ ಗಿರಾಕಿಯೇ ಎಂದು ಸಮಾಧಾನ ಮಾಡಿಕೊಂಡು, "ಬನ್ನಿ ತಾಯಿ, ಈ ಕಡೆ ಬನ್ನಿ," ಎಂದು ಒಳಗಿನ ಅಂಕಣಕ್ಕೆ ಕರೆದುಕೊಂಡು ಹೋದ. ಅಂಕಯ್ಯ ಹೆಂಡತಿಯ ಹಿಂದೆ ಹೆಜ್ಜೆ ಹಾಕಿದ.

ಹುಣಸೂರಿನಲ್ಲಿ ಹೊಳೆಗೆ ಇಳಿಯುವ ದಾರಿಯಲ್ಲಿ ಕಂಠಪ್ಪನ ಒಲೆ ಕಾರ್ಖಾನೆ. ಕಾರ್ಖಾನೆ ಎಂಬುದು ಬೋರ್ಡಿನ ಮಾತು. ಒಳಗೆ ಬಂದರೆ ತಗಡಿನ ಸೂರು, ಒಂದು ತಿದಿ, ಸುತ್ತಿಗೆ ಬಡಿಯುವ ಕೆಲವು ಆಳುಗಳು, ಇಷ್ಟೇ. ಮೈಸೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ ಕಲಿತು ಬಂದವನು ಕಬ್ಬಿಣದ ತಗಡು ಬಗ್ಗಿಸಿ, ಒಳಗೆ ಜೇಡಿಮಣ್ಣು ಮೆತ್ತಿ, ಹಿಂದುಗಡೆ ಹೊಗೆ ಹೋಗಲು ಕೊಳವೆ ಕೂಡಿಸಿ ಸೌದೆ ಒಲೆ ಮಾಡುತ್ತಿದ್ದ. ದಸರಾ ವಸ್ತುಪ್ರದರ್ಶನದಲ್ಲಿ ಅದಕ್ಕೊಂದು ಪದಕವೂ ಬಂದಿತ್ತು. ಪದಕಕ್ಕೆ ಗಾಜಿನ ಚೌಕಟ್ಟು ಹಾಕಿಸಿ ಮಹಾರಾಜರ ಪಟದ ಕೆಳಗೆ ತೂಗುಹಾಕಿದ್ದ. ಅದನ್ನು ನೋಡಿ ತಲೆದೂಗದ ಗಿರಾಕಿಗೆ ಅವನು ಒಲೆಯನ್ನೇ ತೋರಿಸುತ್ತಿರಲಿಲ್ಲ ಎಂದು ಊರಿನಲ್ಲಿ ತಮಾಷೆ ಮಾಡುತ್ತಿದ್ದರು.

ಚಿಕ್ಕ ಒಲೆ ಕಂಡದ್ದೇ ಚೆಲುವಮ್ಮ ಅದರ ಮುಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟಳು. ಎರಡೇ ಬಾಯಿ. ಒಂದರ ಮೇಲೆ ಮುದ್ದೆ, ಇನ್ನೊಂದರ ಮೇಲೆ ಸಾರು, ಮೂರು ಜನಕ್ಕೆ ಇನ್ನೇನು ಬೇಕು? ಸೌದೆ ಇಡುವ ಕಡೆ ಅಂಗೈಯಗಲದ ಬಾಗಿಲು. ಅದನ್ನು ತೆಗೆದಳು, ಹಾಕಿದಳು, ಮತ್ತೆ ತೆಗೆದಳು. ಅವಳ ಸಂತೋಷ ಮುಖದಲ್ಲಿ ತುಂಬಿ ತುಳುಕುತ್ತಿತ್ತು, ಮುಚ್ಚಿಡಲು ಅವಳೂ ಪ್ರಯತ್ನಿಸಲಿಲ್ಲ.

ಮುಚ್ಚಿಡುವುದು ಕಷ್ಟವೇ. ಹನಗೋಡಿನ ಮರಿಯಯ್ಯನ ಮನೆಯಲ್ಲಿ ಮೂವರು ಗಂಡುಮಕ್ಕಳು, ಅವರ ಹೆಂಡಿರು ಮಕ್ಕಳು, ಆಳುಕಾಳು, ಎಲ್ಲರಿಗೂ ಒಂದೇ ಒಲೆ. ಅಂಕಯ್ಯ ಹಿರಿ ಮಗ, ಆದ್ದರಿಂದ ಚೆಲುವಮ್ಮ ಹಿರಿ ಸೊಸೆ, ಆದ್ದರಿಂದ ಒಲೆ ಅವಳದು. ಓರಗಿತ್ತಿ ಬೀರಮ್ಮನಿಗೆ ಬೆನ್ನು ನೋವು. ಕಿರಿ ಮಗ ಸೋಮಯ್ಯನ ಹೆಂಡತಿ ವರ್ಷದಲ್ಲಿ ಅರ್ಧ ತವರಿನಲ್ಲಿ. ಅತ್ತೆ ತೀರಿಕೊಂಡ ದಿನ ಕೈಗೆ ಬಂದ ಮುದ್ದೆ ಕೋಲನ್ನು ಚೆಲುವಮ್ಮ ಮತ್ತೆ ಕೆಳಗಿಟ್ಟದ್ದಿಲ್ಲ. ಅಡಿಗೆಮನೆಗೆ ಕಿಟಕಿಯಿಲ್ಲ. ಹೊರಗೆ ಬಿಸಿಲೋ ಮೋಡವೋ ಅವಳಿಗೆ ಯಾರಾದರೂ ಬಂದು ಹೇಳಬೇಕು. ಗಂಡಸರಿಗೆ ಇಕ್ಕಿ, ಮಕ್ಕಳಿಗೆ ಇಕ್ಕಿ, ಆಳುಗಳಿಗೆ ಇಕ್ಕಿ, ತಪ್ಪಲೆಯ ತಳ ಕೆರೆದು ಉಣ್ಣುವ ಹೊತ್ತಿಗೆ ಅಮ್ಮನ ಜೊತೆಗೇ ಉಣ್ಣುತ್ತೇನೆಂದು ಹಟ ಹಿಡಿದ ಮಗಳು ಪುಟ್ಟಸಿದ್ದಮ್ಮ ಗೋಡೆಗೊರಗಿ ನಿದ್ದೆ ಹೋಗಿರುತ್ತಿದ್ದಳು. ಒಂದು ದಿನವಾದರೂ ನನ್ನ ಮಗೀಗೆ ಮೊದಲ ಮುದ್ದೆ ಇಕ್ಕಿ, ಎದುರಿಗೆ ಕೂತು ನಾನೂ ಬಿಸಿಯದು ಉಣ್ಣಬೇಕು ಎಂಬುದು ಅವಳ ಆಸೆ. ಕೇಳಿದವರು ನಗುವಷ್ಟು ಚಿಕ್ಕ ಆಸೆ, ಆದರೆ ಆ ಮನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ಕಂಪಲಾಪುರದ ಹೊಗೆಸೊಪ್ಪಿನ ಮಂಡಿಯಲ್ಲಿ ಅಂಕಯ್ಯನಿಗೆ ಒಂದು ಕೆಲಸ ಸಿಕ್ಕುವಂತಿತ್ತು. ಮಂಡಿಯ ಹಿಂದೆಯೇ ಇರಲು ಒಂದು ಕೋಣೆ. ನೆಂಟರ ಮದುವೆಗೆಂದು ಆ ಕಡೆ ಹೋದಾಗ ಗಂಡ ಹೆಂಡತಿ ಅದನ್ನು ನೋಡಿಯೂ ಬಂದಿದ್ದರು. ಕಿಟಕಿ ತೆಗೆದರೆ ಎದುರಿಗೇ ಹೊಂಗೆ ಮರ. ಅವತ್ತಿನಿಂದ ಚೆಲುವಮ್ಮ ಮನಸ್ಸಿನಲ್ಲಿ ಆ ಕೋಣೆಯನ್ನು ದಿನಾ ಗುಡಿಸುತ್ತಿದ್ದಳು. "ಅಪ್ಪನ್ನ ಕೇಳ್ತೀನಿ ಕಣೆ" ಎಂದು ಅಂಕಯ್ಯ ಹೇಳುತ್ತಾ ಹೇಳುತ್ತಾ ರಾಗಿ ಕುಯ್ಲು ಮುಗಿಯಿತು, ಒಕ್ಕಣೆಯೂ ಮುಗಿಯಿತು. ಕೊನೆಗೂ ಮೊನ್ನೆ ಕೇಳಿದ್ದ. ಏನು ಕೇಳಿದಿರಿ, ಏನಂದರು ಎಂದರೆ, "ಕೇಳಿವ್ನಿ ಬುಡು" ಎಂದು ಮೇಲೆದ್ದು ಕೊಟ್ಟಿಗೆಗೆ ಹೋಗಿಬಿಟ್ಟಿದ್ದ.

ಅದರ ಮಾರನೆಯ ದಿನವೇ ಮಾವ ಮರಿಯಯ್ಯ ಅಡಿಗೆಮನೆಯ ಬಾಗಿಲಿಗೆ ಬಂದು, "ನಾಳಿಕೆ ಉಣಸೂರಿಗೆ ಓಗವ ಕಣವ್ವಾ. ಒಲೆ ನೋಡ್ಕ ಬರವ. ನೀನೂ ಬಾ," ಎಂದಿದ್ದ.

ಆ ಕಡೆಯ ಮನೆಗಳಲ್ಲಿ ಬೇರೆ ಹೋಗುವ ಮಗನಿಗೆ ತಂದೆಯೇ ಒಲೆ ಕೊಡಿಸುವುದು ಪದ್ಧತಿ. ಕೊಡಿಸಿದರೆ ಹಿರಿಯರು ಮನಸಾರೆ ಕಳಿಸಿಕೊಟ್ಟಂತೆ. ಇಲ್ಲದಿದ್ದರೆ ಸೊಸೆ ಮನೆ ಒಡೆದಳು ಎಂದು ಊರು ಆಡಿಕೊಳ್ಳುತ್ತದೆ. ಹೀಗಿರುವಾಗ ಮಾವ ಬಂದು ಒಲೆ ನೋಡೋಣ ಎಂದರೆ ಚೆಲುವಮ್ಮ ಬೇರೆ ಏನೆಂದುಕೊಳ್ಳಬೇಕು? ಮಾವನ ಎದುರು ನಿಂತು ಬಿಡಿಸಿ ಕೇಳುವ ರೂಢಿ ಅವಳಿಗಿರಲಿಲ್ಲ. ಕೇಳುವ ಅಗತ್ಯವೂ ಕಾಣಲಿಲ್ಲ. ಗಾಡಿಯಲ್ಲಿ ಅಂಕಯ್ಯ ದಾರಿಯುದ್ದಕ್ಕೂ ಎತ್ತುಗಳ ಬೆನ್ನು ನೋಡುತ್ತ ಕೂತಿದ್ದ. ಹುಟ್ಟಿದ ಮನೆ ಬಿಡುವ ಸಂಕಟ ಪಾಪ ಎಂದು ಅವಳಿಗೆ ಅವನ ಮೇಲೆ ಮರುಕವೇ ಬಂದಿತ್ತು.

"ಇದೇ ಇರ್ಲಿ," ಎಂದಳು ಈಗ, ಚಿಕ್ಕ ಒಲೆಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸುತ್ತ. "ಅಲ್ವಾ?" ಎಂದು ಗಂಡನನ್ನು ಕೇಳಿದಳು.

"ಅಪ್ಪ ಬರ್ಲಿ," ಎಂದ ಅಂಕಯ್ಯ. ಮರಿಯಯ್ಯ ಎತ್ತುಗಳಿಗೆ ನೀರು ಕುಡಿಸಲು ಹೊಳೆಗೆ ಹೋಗಿದ್ದ.

"ಅವ್ರು ಬರೋದ್ರೊಳ್ಗೆ ಅಳತೆ ತಗೊಂಬಿಡ್ತೀನಿ," ಎಂದ ಕಂಠಪ್ಪ. "ಇದು ಮಾದರಿ ಅಷ್ಟೆ ತಾಯಿ. ಎಲ್ರಿಗೂ ಒಂದೇ ಎತ್ತರದ ಒಲೆ ಕೊಡೋನು ನಾನಲ್ಲ. ಸೀರೆ ಯಾರ್ ಬೇಕಾರೂ ಉಡಬೌದು, ಒಲೆ ಅಂಗಲ್ಲ. ಮುದ್ದೆ ತಿರುವೋರ ಮೈಗೆ ಸರಿಯಾಗಿ ಆಗ್ಬೇಕು. ಒಂದ್ ಬೆರಳು ಎತ್ರ ಆದ್ರೆ ಭುಜ ಓಯ್ತು, ತಗ್ಗಾದ್ರೆ ಸೊಂಟ ಓಯ್ತು."

ಇದು ಕಂಠಪ್ಪನ ಕಾರ್ಖಾನೆಯ ಕ್ರಮ. ಇಟ್ಟಿಗೆ ಜೋಡಿಸಿ, ಅದರ ಮೇಲೆ ಖಾಲಿ ತಪ್ಪಲೆ ಇಟ್ಟು, ಮನೆಯ ಹೆಂಗಸನ್ನು ಮಣೆಯ ಮೇಲೆ ಕೂರಿಸಿ ಕೋಲು ಕೈಗೆ ಕೊಡುತ್ತಿದ್ದ. ಅವಳು ಮುದ್ದೆ ತಿರುವಿದಂತೆ ತಿರುವಬೇಕು. ಇವನು ಇಟ್ಟಿಗೆ ಹೆಚ್ಚು ಕಡಿಮೆ ಮಾಡುತ್ತ, ಸರಿಹೋದ ಕಡೆ ಇದ್ದಿಲಿನಿಂದ ಗೀಟೆಳೆದುಕೊಳ್ಳುತ್ತಿದ್ದ. ಗೀಟಿಗೆ ತಕ್ಕಂತೆ ಒಲೆ.

ಇಲ್ಲದ ಮುದ್ದೆ ತಿರುವಲು ಚೆಲುವಮ್ಮನಿಗೆ ನಗು ಬಂತು. ನಕ್ಕುಕೊಂಡೇ ತಿರುವಿದಳು. "ವಸಿ ತಗ್ಗಿಸಿ," ಎಂದಳು. "ಇನ್ನೊಂಚೂರು. ಆ, ಈಗ ಸರೋಯ್ತು." ತನ್ನ ಮೈಗೆ ಯಾವುದು ಸರಿ ಎಂದು ಇದುವರೆಗೆ ಯಾರೂ ಅವಳನ್ನು ಕೇಳಿರಲಿಲ್ಲ. ಒಂದು ಗಳಿಗೆ ಅವಳು ಕಂಪಲಾಪುರದಲ್ಲೇ ಇದ್ದಳು. ತಪ್ಪಲೆಯಲ್ಲಿ ನಿಜವಾಗಿಯೂ ರಾಗಿ ಬೇಯುತ್ತಿತ್ತು, ಪುಟ್ಟಸಿದ್ದಮ್ಮ ತಟ್ಟೆ ಹಿಡಿದು ಪಕ್ಕದಲ್ಲಿ ಕೂತಿದ್ದಳು. ಕಂಠಪ್ಪ ಗೀಟೆಳೆದ.

ಅಷ್ಟರಲ್ಲಿ ಮರಿಯಯ್ಯ ಒದ್ದೆ ಕಾಲುಗಳಲ್ಲಿ ಒಳಗೆ ಬಂದ. ಪಂಚೆ ಕೊಡವಿಕೊಂಡು, ಸೊಸೆಯ ಪಕ್ಕದಲ್ಲಿದ್ದ ಚಿಕ್ಕ ಒಲೆಯನ್ನು ನೋಡಿ, "ಇದೇನ್ಲಾ ಅಂಕ, ಗುಬ್ಬಿಗೂಡು ನೋಡ್ತಾ ಕುಂತಿದ್ದೀರಿ?" ಎಂದು ನಕ್ಕ. "ಕಂಠಪ್ನೋರೆ, ಬಾಗ್ಲಾಗೆ ಐತಲ್ಲ, ನಾಕ್ ಬಾಯಿದು, ಅದು ಮಾಡ್ಕೊಡಿ. ಅದ್ಕಿಂತ ದೊಡ್ಡದಿದ್ರೂ ಸೈ."

"ಅವ್ವಾರು ಚಿಕ್ಕದು ಒಪ್ಪವ್ರೆ," ಎಂದ ಕಂಠಪ್ಪ. "ಅಳತೆನೂ ಆಯ್ತು."

"ಅಳತೆ ಆಗಿದ್ರೆ ಒಳ್ಳೇದಾಯ್ತು. ಅದ್ನೇ ದೊಡ್ಡದ್ಕೆ ಆಕಿ." ಮರಿಯಯ್ಯ ಸೊಸೆಯ ಕಡೆ ತಿರುಗಿದ. ಅವನ ದನಿ ಮೆತ್ತಗಾಯಿತು. "ಅಂಕ ಎಲ್ಲಾ ಯೋಳ್ದ ಕಣವ್ವಾ. ಒಗೇಲಿ ನಿನ್ ಕಣ್ಣು ಆಳಾಯ್ತಾ ಅವೆ, ಅದ್ಕೇ ಬ್ಯಾರೆ ಓಗವ ಅಂತಾಳೆ ಅಂದ. ನಿಮ್ಮತ್ತೆ ಓದ್ಮ್ಯಾಲೆ ನಾನು ಅಡ್ಗೆಮನೆ ಕಡೆ ತಿರುಗಿ ನೋಡ್ನಿಲ್ಲ, ತಪ್ಪು ನಂದೇ. ಒಗೆ ದೆಸೆಯಿಂದ ಮನೆ ಒಡೀಬೇಕಾ? ಒಗೇನೇ ಮನೆಯಿಂದ ಆಚಿಗಾಕ್ದ್ರಾಯ್ತು."

ಚೆಲುವಮ್ಮ ಕೋಲನ್ನು ತಪ್ಪಲೆಯಲ್ಲೇ ಬಿಟ್ಟು ಮೇಲೆದ್ದಳು. ಗಂಡನನ್ನು ನೋಡಿದಳು. ಅಂಕಯ್ಯ ಗೋಡೆಯ ಮೇಲಿನ ಪದಕವನ್ನು ನೋಡುತ್ತಿದ್ದ, ಅದನ್ನು ಓದಿ ಮುಗಿಸದೆ ಬೇರೆ ಕೆಲಸವೇ ಇಲ್ಲ ಎನ್ನುವಂತೆ. ಅಕ್ಷರ ಬಾರದವನು. ಅವಳಿಗೆ ಎಲ್ಲವೂ ಒಟ್ಟಿಗೇ ತಿಳಿದುಹೋಯಿತು. ನಮಗೆ ನಮ್ಮದೇ ಒಂದು ಮನೆ ಬೇಕು ಎಂದು ಅಪ್ಪನ ಎದುರು ಹೇಳಲು ಬಾಯಿ ಬಾರದೆ ಹೊಗೆಯ ನೆವ ಹೇಳಿದ್ದ. ಅಪ್ಪ ಆ ನೆವವನ್ನೇ ನಿಜವೆಂದುಕೊಂಡ. ಇವತ್ತು ಯಾವ ಒಲೆಗೆ ಹೋಗುತ್ತಿದ್ದೇವೆ ಎಂದು ಗಂಡನಿಗೆ ಗಾಡಿ ಹತ್ತುವಾಗಲೇ ಗೊತ್ತಿತ್ತು. ಅಷ್ಟು ದಾರಿ ಅವಳು ಸಂತೋಷಪಡುವುದನ್ನು ಪಕ್ಕದಲ್ಲಿ ಕೂತು ನೋಡಿಕೊಂಡು ಬಂದಿದ್ದ. ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ಕಂಪಲಾಪುರದ ಕೆಲ್ಸ..." ಎಂದಳು.

"ಅದ್ಯಾಕ್ ಬುಡಾದು? ಸೋಮ ಓಯ್ತಾನೆ. ಅವ್ನ ಎಂಡ್ತಿ ಎಂಗೂ ಊರಲ್ಲಿರಾಕಿಲ್ಲ. ಮಂಡಿಯೋರ್ಗೆ ನೆನ್ನೇನೇ ಯೋಳ್ಕಳಿಸ್ದೆ."

ಈಗ ಹೇಳದಿದ್ದರೆ ಇನ್ನೆಂದೂ ಇಲ್ಲ ಎಂದು ಅವಳಿಗೆ ಗೊತ್ತಾಯಿತು. "ಒಗೆ ಒಂದ್ಕೇ ಅಲ್ಲ ಮಾವ," ಎಂದಳು.

ಮರಿಯಯ್ಯ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಅವಳಿಗೆ ಸುಲಭವಾಗುತ್ತಿತ್ತೇನೋ. "ಮತ್ತಿನ್ನೇನವ್ವಾ? ಯೋಳು ಮಗ. ಯಾರಾರ ಏನಾರ ಅಂದ್ರಾ? ಬೀರಿ ಏನಾರ ಅಂದ್ಲಾ?"

ಯಾರೂ ಏನೂ ಅಂದಿರಲಿಲ್ಲ. ಬೀರಮ್ಮ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದಳು, ಮೈದುನರು ಅತ್ತಿಗೆ ಮುದ್ದೆಯೆಂದರೆ ಬೆಣ್ಣೆ ಎನ್ನುತ್ತಿದ್ದರು. ಮಾವ ಸಂತೆಯಿಂದ ತಂದ ಬಳೆಯಲ್ಲಿ ಅವಳಿಗೇ ಮೊದಲ ಪಾಲು. ಇವರ ಮೇಲೆ ದೂರು ಹೇಳುವುದು ಹೇಗೆ? ಮಗೀಗೆ ಮೊದಲ ಮುದ್ದೆ ಇಕ್ಕಬೇಕು ಎಂದರೆ, ಇಕ್ಕವ್ವ, ಬೇಡ ಅಂದೋರ್ಯಾರು ಎನ್ನುತ್ತಾನೆ. ಒಟ್ಟಿಗೆ ಕೂತ ಅಷ್ಟು ಮಕ್ಕಳಲ್ಲಿ ತನ್ನದಕ್ಕೇ ಮೊದಲು ಇಕ್ಕಲು ಅವಳ ಕೈ ಏಳುವುದಿಲ್ಲ ಎಂಬುದನ್ನು ಆ ಮುದುಕನಿಗೆ ತಿಳಿಸುವ ಮಾತು ಅವಳಲ್ಲಿ ಇರಲಿಲ್ಲ.

"ಇವ್ರನ್ನ ಕೇಳಿ," ಎಂದಳು ಕಡೆಗೆ.

"ಏನ್ಲಾ ಅಂಕ? ಒಗೆ ಅಲ್ದೆ ಇನ್ನೇನಾರ ಐತಾ? ಇದ್ರೆ ಇಲ್ಲೇ ಯೋಳ್ಬುಡು. ಕೇಳ್ತೀನಿ."

ಮುದುಕ ನಿಜವಾಗಿಯೂ ಕೇಳಲು ಸಿದ್ಧನಿದ್ದ. ತಿದಿ ಒತ್ತುತ್ತಿದ್ದ ಆಳು ಕೂಡ ಕೈ ನಿಲ್ಲಿಸಿದ್ದ. ಅಂಕಯ್ಯ ಪದಕದಿಂದ ಕಣ್ಣು ತೆಗೆದು ನೆಲ ನೋಡಿದ. ಹೇಳು, ಒಂದು ಮಾತು, ನಿನಗೆ ಕೈ ಮುಗಿಯುತ್ತೇನೆ ಎಂದು ಚೆಲುವಮ್ಮ ಒಳಗೇ ಬೇಡಿಕೊಂಡಳು.

"ಏನಿಲ್ಲಪ್ಪ," ಎಂದ ಅಂಕಯ್ಯ. "ಒಗೇನೇ."

"ಅಂಗನ್ನು ಮತ್ತೆ!" ಮರಿಯಯ್ಯನಿಗೆ ಭಾರ ಇಳಿಸಿದಂತಾಯಿತು. "ನಾಕ್ ಬಾಯಿದೇ ಆಕಿ ಕಂಠಪ್ನೋರೆ. ಕೊಳವೆ ಉದ್ದಕ್ಕಿರ್ಲಿ, ಸೂರು ದಾಟ್ಬೇಕು. ಇನ್ಮ್ಯಾಲೆ ನಮ್ಮವ್ವನ ಕಣ್ಣಾಗೆ ಒಂದ್ ಅನಿ ನೀರು ಬರ್ಬಾರ್ದು."

ಕಂಠಪ್ಪ ವ್ಯಾಪಾರಸ್ಥನಾದರೂ ಕಣ್ಣಿಲ್ಲದವನಲ್ಲ. ಅವನು ಚೆಲುವಮ್ಮನ ಮುಖ ನೋಡಲು ಹೋಗಲಿಲ್ಲ. "ಅಳತೆ ಇನ್ನೊಂದ್ ದಪ ಆಗ್ಬೇಕಾಯ್ತದೆ," ಎಂದ ಇಟ್ಟಿಗೆಗಳಿಗೆ ಹೇಳುವಂತೆ. "ದೊಡ್ಡ ತಪ್ಪಲೆಗೆ ಕೂರೋ ರೀತಿನೇ ಬ್ಯಾರೆ." ಚಿಕ್ಕ ತಪ್ಪಲೆ ತೆಗೆದು ಪಕ್ಕಕ್ಕಿಟ್ಟು, ಇಟ್ಟಿಗೆಗಳನ್ನು ಅಗಲಿಸಿ, ಮದುವೆ ಮನೆಯಲ್ಲಿ ಇಡುವಂಥ ದೊಡ್ಡ ತಪ್ಪಲೆ ತಂದು ಕೂರಿಸಿದ. ಅದಕ್ಕೆ ತಕ್ಕ ಉದ್ದನೆಯ ಕೋಲನ್ನೂ ತಂದ.

ಚೆಲುವಮ್ಮ ನಿಂತೇ ಇದ್ದಳು. ಕೂರುವುದಿಲ್ಲ ಎಂದರೆ ಏನಾಗುತ್ತದೆ ಎಂದು ಯೋಚಿಸಿ ನೋಡಿದಳು. ಏನೂ ಆಗುವುದಿಲ್ಲ. ಕಂಠಪ್ಪ ಅಂದಾಜಿನ ಮೇಲೆ ಮಾಡಿಕೊಡುತ್ತಾನೆ, ಒಲೆ ಹನಗೋಡಿಗೆ ಬರುತ್ತದೆ, ಅದರ ಮುಂದೆ ಅವಳೇ ಕೂರುತ್ತಾಳೆ, ಜೊತೆಗೆ ಭುಜವೂ ನೋಯುತ್ತದೆ.

"ಕುತ್ಕವ್ವಾ," ಎಂದ ಮಾವ ಪ್ರೀತಿಯಿಂದ.

ಕೂತಳು. ಕೋಲು ಹಿಡಿದು ತಿರುವಿದಳು. ಇಟ್ಟಿಗೆಯ ಮೇಲೆ ತಪ್ಪಲೆ ನಿಲ್ಲದೆ ಅತ್ತಿತ್ತ ಹೊರಳಿತು.

"ಯಜಮಾನ್ರೆ, ನೀವು ಬಂದು ವಸಿ ಇಡ್ಕಳಿ," ಎಂದ ಕಂಠಪ್ಪ ಅಂಕಯ್ಯನಿಗೆ.

ಅಂಕಯ್ಯ ಬಂದು ಅವಳ ಎದುರಿಗೆ ಕೂತ. ಎರಡು ಕೈಯಿಂದ ತಪ್ಪಲೆಯ ಅಂಚು ಹಿಡಿದ. ತಪ್ಪಲೆಯ ಆಚೆ ಅವನು, ಈಚೆ ಅವಳು. ಹಗಲು ಹೊತ್ತಿನಲ್ಲಿ ಇಬ್ಬರೂ ಇಷ್ಟು ಹತ್ತಿರ ಕೂತದ್ದೇ ಇಲ್ಲ. ಅವನು ತಲೆ ಎತ್ತಲಿಲ್ಲ.

"ಜೋರಾಗಿ ತಾಯಿ," ಎಂದ ಕಂಠಪ್ಪ. "ಮನೆ ಮಂದಿಗೆಲ್ಲ ಆಗೋವಷ್ಟು."

ಅವಳು ಒತ್ತಿ ತಿರುವಿದಳು. ಖಾಲಿ ತಪ್ಪಲೆಯ ತಳದಲ್ಲಿ ಕೋಲು ಗರಗರ ಸದ್ದು ಮಾಡಿತು. ಒಂದೊಂದು ಸುತ್ತಿಗೂ ಅಂಕಯ್ಯನ ಕೈಗಳು ಅಲ್ಲಾಡಿದವು, ಅವನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡ.

"ಸಾಕಾ?" ಎಂದ ಮೆಲ್ಲಗೆ. ಕೇಳಿದ್ದು ಕಂಠಪ್ಪನನ್ನೋ ಹೆಂಡತಿಯನ್ನೋ ತಿಳಿಯಲಿಲ್ಲ.

ಕಂಠಪ್ಪ ಇನ್ನೂ ಗೀಟು ಎಳೆದಿರಲಿಲ್ಲ. ಚೆಲುವಮ್ಮ ತಿರುವುತ್ತಲೇ ಇದ್ದಳು.