ಸುಣ್ಣ ಹಚ್ಚಿದ ಕಲ್ಲು

“ಏ ಹಡಬಿ, ಸುಣ್ಣ ಯಾಕ ಚೆಲ್ತಿ? ನಿಮ್ಮಪ್ಪನ ಮನೀದೇನ ಅದು?”

ಅಂದಾನೆಪ್ಪಗೌಡ ಬೈದದ್ದು ಕುಲ್ಸುಮಬಿಗೆ. ಅವಳು ಕುಂಚವನ್ನು ಕಲ್ಲಿಗೆ ತಾಗಿಸದೆ ಹಿಂದೆಳೆದುಕೊಂಡಿದ್ದಳು. ಗುಡ್ಡದ ಮೇಲೆ ಗಾಳಿಫ್ಯಾನು ನಿಲ್ಲಿಸುವ ಕಡೆಯಲ್ಲೆಲ್ಲ ಸರ್ವೆ ಸಾಹೇಬ ಒಂದೊಂದು ಕಲ್ಲು ತೋರಿಸುತ್ತಿದ್ದ. ಅದಕ್ಕೆ ಸುಣ್ಣ ಹಚ್ಚುವ ಕೂಲಿ ನಮ್ಮಿಬ್ಬರದು. ಮರುದಿನ ಯಂತ್ರ ಬಂದು ಬಿಳಿ ಕಲ್ಲು ಕಂಡಲ್ಲಿ ಅಗೆಯಬೇಕು. ಈಗ ತೋರಿಸಿದ್ದು ಅವಳ ಮಗ ಚಾಂದಸಾಬನ ಗೋರಿಯ ತಲೆಗಲ್ಲು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಚೀಲ ಹೊತ್ತು ಹೊತ್ತು, ಕೆಮ್ಮಿ ಸತ್ತ ಹುಡುಗ.

“ಸಾಹೇಬ್ರ, ಇದು ನನ್ನ ಮಗನ ಕಬರ್ ರೀ. ಇದೊಂದು ಬಿಡ್ರಿ, ನಿಮ್ಮ ಕಾಲಿಗೆ ಬೀಳ್ತೇನಿ.”

ಸಾಹೇಬ ಬೂಟುಗಾಲಿನಿಂದ ಒದ್ದು ನೋಡಿದ. “ಬರೀ ಕಲ್ಲಮ್ಮ ಇದು. ಹೆಸರೆಲ್ಲಿದೆ?”

ಹೆಸರಂತೆ ಹೆಸರು! ನನ್ನ ಕೂಸನ್ನು ಹೆಸರಿಡುವ ಮೊದಲೇ ಇಲ್ಲಿ ಹೂಳಿದ್ದೆ. ನಮ್ಮ ಕೇರಿಯ ಹೆಣಕ್ಕೂ ಬಡ ಸಾಬರ ಹೆಣಕ್ಕೂ ಈ ಗುಡ್ಡವೇ ಗತಿ. ಗುಡ್ಡ ಬಿಡುವುದಿಲ್ಲ ಎಂದು ಹೇಳಲು ನಮ್ಮ ಗಂಡಸರು ಮೇಲಿನ ಕಚೇರಿಗೆ ಹೋದರೆ, ಅಲ್ಲಿ ಬರೀ ಕಲ್ಲುಮುಳ್ಳು ಇದೆಯೆಂದು ಗೌಡರೇ ಹೇಳಿದ್ದಾರೆ ಎಂದು ಬಾಗಿಲಿಂದಲೇ ಅಟ್ಟಿದ್ದರು.

“ಸಾಹೇಬ್ರ, ನೀವು ಊಟಕ್ಕ ನಡೀರಿ. ಈ ರಂಡೇರ್ದು ಇದ್ದದ್ದ,” ಎಂದ ಗೌಡ. ನನ್ನ ಕಡೆ ತಿರುಗಿದ. “ಏ ಮುದುಕಿ, ನಾವು ಬರೂದ್ರಾಗ ಸುಣ್ಣ ಹಚ್ಚಿ ಮುಗಿಸಿರಬೇಕು. ಒಂದ ಒಂದು ಕಲ್ಲು ಬಿಟ್ರೂ ತೊಗಲ ಸುಲೀತೇನಿ.”

ಜೀಪು ಇಳಿದು ಹೋಯಿತು. ಕುಲ್ಸುಮಬಿ ಸೆರಗಿನಿಂದ ಮೂಗು ಒರೆಸಿಕೊಂಡಳು.

“ಮುದುಕವ್ವ, ಗೌಡ ಏನಂದ?”

“ಒಂದೂ ಕಲ್ಲು ಬಿಡಬ್ಯಾಡ್ರಿ ಅಂದ.”

“ಹಂಗಾರ ಬಿಡೂದು ಬ್ಯಾಡ.”

ಮೊದಲು ನನಗೆ ಅರ್ಥವಾಗಲಿಲ್ಲ. ಅವಳು ಚಾಂದಸಾಬನ ಪಕ್ಕದ ಕಲ್ಲಿಗೆ ಸುಣ್ಣ ಬಳಿದಳು, ಅದರಾಚೆಯದಕ್ಕೂ ಬಳಿದಳು. ಆಗ ತಿಳಿಯಿತು ನೋಡಿ! ನನ್ನ ಮುದಿ ಕೈಗೆ ಎಲ್ಲಿಂದ ಬಂತೋ ಕಸುವು. ತಲೆಗಲ್ಲು, ಗುಂಡುಕಲ್ಲು, ಹಾಸುಬಂಡೆ, ಒಂದನ್ನೂ ಬಿಡಲಿಲ್ಲ. ಸುಣ್ಣಕ್ಕೆ ಬೆರಳು ಒಡೆದು ಉರಿಯುತ್ತಿದ್ದವು. ಡ್ರಮ್ಮು ಬರಿದಾಗುವಷ್ಟರಲ್ಲಿ ಗುಡ್ಡದ ಈ ಮಗ್ಗುಲು ಪೂರಾ ಬೆಳ್ಳಗಾಗಿತ್ತು.

ಊಟ ಮುಗಿಸಿ ಬಂದ ಸಾಹೇಬ ನಕ್ಷೆ ಬಿಚ್ಚಿದ, ತಿರುಗಿಸಿದ, ಮಡಚಿದ. ಗೌಡ ಕುಲ್ಸುಮಬಿಯ ಜುಟ್ಟು ಹಿಡಿದ.

“ನಮ್ಮ ಕಲ್ಲು ಯಾವ್ದು, ಬೊಗಳ!”

“ಬರೀ ಕಲ್ಲ ಅಲ್ಲೇನ್ರೀ ಗೌಡ್ರ? ಎಲ್ಲಾ ಒಂದ.”

ಬೆತ್ತ ಎದ್ದಿತು. ಬಿಡಿಸಲು ಹೋದ ನನಗೂ ಬಿತ್ತು. ಅವಳು ತೆವಳಿಕೊಂಡು ಹೋಗಿ ಒಂದು ಕಲ್ಲನ್ನು ತಬ್ಬಿಕೊಂಡಳು. ನಾನೂ ನನ್ನ ಕೂಸಿನ ಕಲ್ಲಿನತ್ತ ಓಡಿದೆ. ಎಲ್ಲಿದೆ? ಎಲ್ಲವೂ ಬಿಳಿ, ಎಲ್ಲವೂ ಹಸಿ. ಹಿಂದೆ ಗೌಡನ ಕೆರದ ಸಪ್ಪಳ ಹತ್ತಿರವಾಯಿತು. ಕೈಗೆ ಸಿಕ್ಕ ಕಲ್ಲನ್ನು ಎದೆಗವಚಿಕೊಂಡು ಕುಳಿತೆ.