ಶಿಕ್ಕಾ ಬಿದ್ದ ಕೈ

"ಏ ಮುದುಕಿ, ಗಂಡನ ಹೆಸರ ಹೇಳ ಅಂದ್ರ ಕೈ ಯಾಕ ಚಾಚ್ತಿ? ನಾ ಏನ ಕೈ ನೋಡಿ ಭವಿಷ್ಯ ಹೇಳಾಂವ ಅದೀನೇನ?"

ಗುಮಾಸ್ತ ನಿಲೇಶ ಕಿಟಕಿಯ ಒಳಗಿನಿಂದ ಹಾಕಿದ ಕೂಗಿಗೆ ತಾಲೂಕಾ ಕಚೇರಿಯ ಪಂಖಾ ಮೂರು ಸುತ್ತು ಹಿಂದಕ್ಕೆ ತಿರುಗಿತು. ಅವನ ಬೆನ್ನ ಹಿಂದೆ ಪೇರಿಸಿದ ಅರ್ಜಿಗಳ ಗುಡ್ಡ ಎಷ್ಟೆತ್ತರವಿತ್ತೆಂದರೆ, ತುದಿಯ ಅರ್ಜಿಗಳು ಮೋಡ ತಾಗಿ ಒದ್ದೆಯಾಗುತ್ತಿದ್ದವು. ಕಿಟಕಿಯ ಈಚೆ ನಿಂತ ಪಾಳಿಯ ಬಾಲ ಬಸ್ ಸ್ಟ್ಯಾಂಡ್ ದಾಟಿ ಕಬ್ಬಿನಹಾಲಿನ ಗಾಣದವರೆಗೆ ಹೋಗಿ, ಅಲ್ಲಿ ಒಂದು ಗ್ಲಾಸು ಕುಡಿದು ಮತ್ತೆ ವಾಪಸು ಬಂದಿತ್ತು.

ಆ ಪಾಳಿಯ ತಲೆಗೆ ಜನಾಬಾಯಿ. ವಯಸ್ಸು ಎಂಬತ್ತಾರು, ತೂಕ ಒಂದು ಕೊಡಕ್ಕಿಂತ ಚೂರು ಹೆಚ್ಚು. ಮದುವೆಯಾಗಿ ಎಪ್ಪತ್ತೈದು ವರ್ಷದಲ್ಲಿ ಆಕೆ ಗಂಡನ ಹೆಸರನ್ನು ಒಮ್ಮೆಯೂ ಬಾಯಿಗೆ ತಂದವಳಲ್ಲ. ಒಮ್ಮೆ ಕೃಷ್ಣಾ ಹೊಳೆಯ ಸೆಳವಿಗೆ ಸಿಕ್ಕಿ ಮುಳುಗುವಾಗಲೂ "ಏ ಇವರ, ಇವರ" ಎಂದೇ ಅರಚಿ, ದಂಡೆಯ ಮೇಲಿದ್ದ ಹದಿನೆಂಟು ಗಂಡಸರಲ್ಲಿ ತನ್ನವನೇ ಹಾರುವಂತೆ ಮಾಡಿದ್ದಳು. ಹೆಸರು ಕೇಳಿದವರಿಗೆ ಬಲಗೈ ತೋರಿಸುವುದು ಆಕೆಯ ರೂಢಿ. ಮುಂಗೈಯ ಒಳಮೈಗೆ, ಮದುವೆಯ ಮರುದಿನ ಹಚ್ಚೆ ಹಾಕುವ ಕೊರವಿ ಚುಚ್ಚಿದ ಮೂರು ಶಬ್ದಗಳಿದ್ದವು, ಮರಾಠಿಯ ಬಾಳಬೋಧ ಅಕ್ಷರದಲ್ಲಿ: ಗಂಡನ ಹೆಸರು, ಮಾವನ ಹೆಸರು, ಊರು ತುಂಬರವಾಡಿ.

"ಬಾಯಿಲೆ ಹೇಳ. ಎಲ್ಲಾರಿಗೂ ಕೇಳೂವಂಗ ಹೇಳ. ಇಲ್ಲಂದ್ರ ಹಿಂದಿನವ್ರಿಗೆ ಜಾಗಾ ಬಿಡ."

ಪಾಳಿಯಲ್ಲಿ ಯಾರೋ ಕಿಸಕ್ಕೆಂದರು. ಜನಾಬಾಯಿ ಸೆರಗನ್ನು ಹಣೆಯ ಮೇಲೆ ಎಳೆದುಕೊಂಡಳು. ಪಕ್ಕದಲ್ಲಿದ್ದ ಮೊಮ್ಮಗಳು ಪೂನಮ, "ಸಾಹೇಬ್ರ, ನಾ ಹೇಳ್ತೀನ್ರಿ" ಅಂದಳು.

"ನೀ ಹೆಂಡ್ತಿ ಏನ ಅವನಿಗೆ? ಮುದುಕಿ ಹೇಳಲಿ."

"ಸಟವಾ," ಅಂದಳು ಜನಾಬಾಯಿ. ಅಂದವಳೇ ನೆಲ ನೋಡಿದಳು.

ನಿಲೇಶ ಅರ್ಜಿ ನೋಡಿ ಎರಡು ಬೆರಳಿನಿಂದ ಕುಟ್ಟಿದ, ಪರದೆ ನೋಡಿದ, ಹಲ್ಲು ಕಿಸಿದ. "ಇಲ್ಲ. ಕಂಪ್ಯೂಟರದಾಗ ನಿನ್ನ ಗಂಡ ಹುಟ್ಟೇ ಇಲ್ಲ. ಅವನಪ್ಪ ಭಿವಾನೂ ಹುಟ್ಟಿಲ್ಲ. ಮತ್ತ ಈ ಹುಡಗಿ ಯಾರಿಗೆ ಹುಟ್ಟಿತು?"

ಹುಡುಗಿಗೆ ನರ್ಸಿಂಗ್ ಸೀಟು ಸಿಕ್ಕಿತ್ತು. ತುಂಬರವಾಡಿಯ ಮಹಾರರ ಕೇರಿ ಮಹಾರವಾಡೆಗೆಲ್ಲ ಮೊದಲ ಸೀಟು. ಸುದ್ದಿ ಬಂದ ದಿನ ಬಾಡೂಟಕ್ಕೆ ಹೆದರಿ ಕೋಳಿಗಳು ಊರು ಬಿಟ್ಟಿದ್ದವು. ಶನಿವಾರ ಕಾಗದ ತೋರಿಸಬೇಕು, ಇಲ್ಲವಾದರೆ ಸೀಟು ಇನ್ನೊಬ್ಬರಿಗೆ. ಎಲ್ಲ ಕಾಗದವೂ ಇತ್ತು, ಜಾತಿ ಸರ್ಟಿಫಿಕೇಟ್ ಒಂದನ್ನು ಬಿಟ್ಟು. ಪೂನಮಳ ಶಾಲೆಯ ದಾಖಲೆ ಸಾಲದಂತೆ. ಸಾವಿರದ ಒಂಬೈನೂರ ಐವತ್ತಕ್ಕೂ ಮೊದಲು ಅವಳ ಅಪ್ಪನ ಕಡೆಯವರು ಇದೇ ನೆಲದಲ್ಲಿದ್ದರು ಅನ್ನುವುದಕ್ಕೆ ಕಾಗದ ಬೇಕಂತೆ. ಅಪ್ಪ ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಕಬ್ಬು ಕಡಿಯಲು ಹೋಗಿ ಟ್ರ್ಯಾಕ್ಟರ್ ಅಡಿಗೆ ಸಿಕ್ಕು ಸತ್ತವನು. ಅಜ್ಜ ಸಟವಾ ಎರಡು ವರ್ಷ ಶಾಲೆಯ ಹೊರಗಿನ ಕಟ್ಟೆಯ ಮೇಲೆ ಕೂತು ಕಲಿತಿದ್ದ. ಆ ಶಾಲೆಯ ಹಳೆಯ ರಜಿಸ್ಟರು ಎರಡು ಸಾವಿರದ ಐದರ ಮಹಾಪೂರದಲ್ಲಿ ಅಂಬಲಿಯಾಗಿತ್ತು. ಆಗ ನಿಮ್ಮೂರು ಕೊಲ್ಲಾಪುರ ಸಂಸ್ಥಾನದಲ್ಲಿತ್ತು, ಅಲ್ಲಿ ಕೇಳು ಎಂದು ಇದೇ ನಿಲೇಶ ಅಟ್ಟಿದ್ದ. ಅಜ್ಜಿ ಮೊಮ್ಮಗಳು ಗಡಿಯ ಕೊಗನೊಳ್ಳಿ ದಾಟಿ ಕೊಲ್ಲಾಪುರಕ್ಕೆ ಹೋದರೆ, ಅಲ್ಲಿಯ ಗುಮಾಸ್ತ ತಲೆಯನ್ನೂ ಎತ್ತದೆ, "ಆಜಿ, ತುಮ್ಚ ಗಾವ ಆತಾ ಕರ್ನಾಟಕಾತ. ತಿಕಡಚ ಜಾ," ನಿಮ್ಮೂರು ಈಗ ಕರ್ನಾಟಕದ್ದು, ಅಲ್ಲಿಗೇ ಹೋಗು ಎಂದು ಬಂದ ದಾರಿಗೇ ಬೆರಳು ತೋರಿಸಿದ್ದ.

"ಸಾಹೇಬ್ರ, ಊರ ಎಲ್ಲೂ ಹೋಗಿಲ್ರಿ," ಅಂದಳು ಜನಾಬಾಯಿ. "ಅಲ್ಲೇ ಐತಿ. ನಾವೂ ಅಲ್ಲೇ ಅದೀವಿ. ಗಾಂಧಿ ಮುದುಕನ್ನ ಕೊಂದ ಮರುವರ್ಷ ನನ್ನ ಲಗ್ನ. ಆವಾಗಿಂದು ಈ ಬರಹ."

"ಮಹಾರರಂದ್ರ ಆ ಕಡೆಯವ್ರ. ಹೊಟ್ಟಿಗೆ ಇಲ್ಲಂತ ಈ ಕಡೆ ಬಂದೀರಿ, ಈಗ ಸವಲತ್ತ ಬೇಕು ನಿಮಗ. ಕಾಗದ ತಾ. ಮೂಲ ಪ್ರತಿ ಒಂದು, ಝೆರಾಕ್ಸ ಎರಡು."

"ಮೂಲ ಇದ ಐತಲ್ರಿ." ಆಕೆ ಮತ್ತೆ ಕೈ ಚಾಚಿದಳು.

"ಹಂಗಾದ್ರ ಅದನ್ನ ಝೆರಾಕ್ಸ ಮಾಡಿಸ್ಕೊಂಡ ಬಾ, ಹೋಗ!"

ಈ ಸಲ ಪಾಳಿಗೆ ಪಾಳಿಯೇ ನಕ್ಕಿತು. ಆ ನಗು ಗಾಣದವರೆಗೆ ಹೋಗಿ ಬಂತು.

ತುಂಬರವಾಡಿಯ ಹಳೆಯ ದಪ್ತರಗಳು, ಅಂದರೆ ಊರಿನ ಹೊಲ-ಇನಾಮುಗಳ ಕಾಗದದ ಗಂಟುಗಳು, ಇದ್ದದ್ದು ಅಣ್ಣಾಸಾಬ ಪಾಟೀಲನ ವಾಡೆಯಲ್ಲಿ. ಸಂಜೆ ಹೋದಾಗ ಅಣ್ಣಾಸಾಬ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು, ತನ್ನ ಕಬ್ಬಿನ ಮೇಲೆ ಔಷಧ ಹೊಡೆಯುತ್ತಿದ್ದ ಡ್ರೋನನ್ನು ಮೊಬೈಲಿನಲ್ಲಿ ನೋಡುತ್ತಿದ್ದ. ಆ ಕಬ್ಬು ಎಷ್ಟು ಉದ್ದಕ್ಕಿತ್ತೆಂದರೆ, ಡ್ರೋನು ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ ಮುದಿಯಾಗಿ ಕೆಮ್ಮುತ್ತಿತ್ತು.

"ಅಲ್ಲೇ ನಿಂದರ್ರಿ. ಕಟ್ಟಿ ಈಗ ತೊಳದಾರ."

ನಿಂತರು. ಜನಾಬಾಯಿ ಕೈ ಮುಗಿದಳು. "ಪಾಟೀಲ್ರ, ಆ ಹಳೇ ದಪ್ತರ ಬಿಚ್ಚಿ ಒಂದ ಹಾಳಿ ತೋರಸ್ರಿ. ನಮ್ಮ ಮಾವಂದು ಹೆಸರ ಅದ್ರಾಗ ಐತಿ. ಕೂಸಿನ ಸೀಟ ಹೋಗಾಕತ್ತೈತ್ರಿ."

"ದಪ್ತರ ಎಲ್ಲೈತಿ ಬೇ? ಐದನೇ ಇಸವಿ ಹೊಳಿ ಒಯ್ತು."

"ಹೊಳಿ ಒಯ್ಲಿಲ್ರಿ. ನಾನ ಒಯ್ದೀನಿ."

ಒಯ್ದದ್ದು ನಿಜ. ಕೊರಳಮಟ ನೀರು. ಮೀನುಗಳು ಸೆರಗು ಹಿಡಿದು ದಾರಿ ಬಿಡು ಅನ್ನುತ್ತಿದ್ದವು, ಹಾವುಗಳು ಹೆಗಲ ಮೇಲೆ ಕೂತು ದಾರಿ ತೋರಿಸುತ್ತಿದ್ದವು. ಆ ನೀರಿನಲ್ಲಿ ಜನಾಬಾಯಿ ಕೆಂಪು ಬಟ್ಟೆಯ ಹನ್ನೊಂದು ಗಂಟುಗಳನ್ನು ಒಂದೊಂದಾಗಿ ತಲೆಯ ಮೇಲೆ ಹೊತ್ತು, ವಾಡೆಯ ನಡುಮನೆ ದಾಟಿ, ದೇವರ ಕೋಣೆಯ ಪಕ್ಕದ ಮೆಟ್ಟಿಲು ಹತ್ತಿ ಮಾಳಿಗೆಗೆ ಇಟ್ಟು ಬಂದಿದ್ದಳು. ಒಂದು ಹಾಳೆಗೂ ನೀರು ತಾಗಿರಲಿಲ್ಲ. ಆಕೆ ಜೀವನದಲ್ಲಿ ಆ ಮನೆಯೊಳಗೆ ಕಾಲಿಟ್ಟದ್ದು ಅದೊಂದೇ ದಿನ. ನೀರು ಇಳಿದ ಮೇಲೆ ಆ ಮೆಟ್ಟಿಲುಗಳನ್ನು ಗೋಮೂತ್ರದಿಂದ ತೊಳೆದರು.

"ಹನ್ನೊಂದ ಗಂಟ್ರಿ. ಒಣಗಿದ್ದುವು. ಮ್ಯಾಳಗಿ ಮ್ಯಾಲ, ಮೂಡಣ ಮೂಲ್ಯಾಗ."

ಅಣ್ಣಾಸಾಬ ಮೊಬೈಲು ಕೆಳಗಿಟ್ಟ. "ಮುದಿರಂಡಿ, ಇವತ್ತ ಹೆಸರ ಕೇಳ್ತಿ, ನಾಳಿಗೆ ಹೆಸರಿನ ಬಾಜೂಕ ಬರದಿದ್ದ ಹೊಲ ಕೇಳ್ತಿ. ನನಗ ಗೊತ್ತಿಲ್ಲೇನ?"

ಆಕೆಗೂ ಗೊತ್ತಿತ್ತು. ಊರು ಕಾಯುವ ಚಾಕರಿಗೆಂದು ಭಿವಾನ ಅಪ್ಪನಿಗೆ ಕೊಟ್ಟ ಮೂರು ಎಕರೆ ಇನಾಮು, ಈಗ ಡ್ರೋನಿನ ಕೆಳಗಿತ್ತು.

"ಹೊಲ ನೀವ ಇಟಗೋರಿ. ಹೆಸರ ಅಷ್ಟ ಕೊಡ್ರಿ."

"ಹೆಸರು! ನಿಮ್ಮ ಮಂದಿಗೆ ಹೆಸರ ಎಲ್ಲಿದ್ದುವು? 'ಏ ಮಹಾರಾ' ಅಂದ್ರ ನಾಕ ಮಂದಿ ಓಡಿ ಬರ್ತಿದ್ರು. ಮತ್ತ ಈಕಿ ನರ್ಸ ಆಗಿ ಏನ ಮಾಡೋದೈತಿ? ಮಂದಿ ಹೇಲ ಬಳಿಯಾಕ ಸರ್ಟಿಫಿಕೇಟ ಯಾಕ ಬೇಕು? ನಾಳಿಂದ ನಮ್ಮ ಕೊಟಗಿಗೆ ಕಳಸ."

ಪೂನಮ ಅಜ್ಜಿಯ ರಟ್ಟೆ ಹಿಡಿದು ಹಿಂದಕ್ಕೆ ಎಳೆದಳು. "ನಡಿ ಆಯಿ. ಇನ್ನ ಹತ್ತ ವರ್ಷಕ್ಕ ಇವ್ರ ದವಾಖಾನಿ ಮಂಚದ ಮ್ಯಾಲ ಮಲಗತಾರ, ಬಳಿಯಾಕ ನಾನ ಹೋಗಿರ್ತೀನಿ. ಆವಾಗ ಕೇಳೂಣಂತ, ಇವ್ರಪ್ಪನ ಹೆಸರ ಎಲ್ಲಿ ಬರದೈತಿ ಅಂತ."

ಅಣ್ಣಾಸಾಬ ಎದ್ದ ರಭಸಕ್ಕೆ ಕುರ್ಚಿ ಬಿತ್ತು. ಇಬ್ಬರೂ ಅಷ್ಟರಲ್ಲಿ ಅಗಸಿ ಬಾಗಿಲು ದಾಟಿದ್ದರು.

ಶುಕ್ರವಾರ ಬೆಳಿಗ್ಗೆ ಕಚೇರಿಯ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಜಾವೇದ ಯಂತ್ರದ ಮುಚ್ಚಳ ಎತ್ತಿದ್ದನಷ್ಟೇ, ಜನಾಬಾಯಿ ಬಳೆ ಸರಿಸಿ ಗಾಜಿನ ಮೇಲೆ ಕೈ ಮಲಗಿಸಿದಳು.

"ಅರೆ ಆಯಿ, ಕೈ ತಗೀರಿ, ಸುಟ್ಟೀತು!"

"ಸುಡಲಿ. ಸಾಹೇಬ್ರ ಹೇಳ್ಯಾರ, ಕೈದು ಝೆರಾಕ್ಸ ತಾ ಅಂತ."

"ಆಯಿ, ಅವ ನಿನ್ನ ಚ್ಯಾಷ್ಟಿ ಮಾಡ್ಯಾನ," ಅಂದಳು ಪೂನಮ. ಕಣ್ಣು ತುಂಬಿತ್ತು. "ಬ್ಯಾಡ, ಮನೀಗೆ ಹೋಗೂಣು."

"ಚ್ಯಾಷ್ಟಿ ಮಾಡಿದ್ರೂ ಹೇಳ್ಯಾನೋ ಇಲ್ಲೋ? ನಾಕನೂರ ಮಂದಿ ಕೇಳ್ಯಾರ. ಒತ್ತೋ ತಮ್ಮಾ."

ಜಾವೇದ ಮುಚ್ಚಳದ ಬದಲು ತನ್ನ ಕರಿ ಜಾಕೀಟು ಹೊದಿಸಿದ. ಹಸಿರು ಬೆಳಕು ಮೊಣಕೈಯಿಂದ ಬೆರಳಿನವರೆಗೆ ಹರಿಯಿತು. ಮೊದಲ ಪ್ರತಿಯಲ್ಲಿ ಸುಕ್ಕುಗಳಷ್ಟೇ ಬಂದವು. "ಹೆಬ್ಬಟ್ಟಿಲೆ ಚರ್ಮಾ ಜಗ್ಗಿ ಹಿಡೀರಿ. ಹಾಂ, ಹಂಗ," ಎಂದು ಇನ್ನೊಂದು ತೆಗೆದ. ಮೂರನೆಯದರಲ್ಲಿ ಅಕ್ಷರಗಳು ಎದ್ದು ನಿಂತವು. ಸಟವಾ. ಭಿವಾ. ತುಂಬರವಾಡಿ. ಸುತ್ತಲೂ ನರಗಳು ಕೃಷ್ಣೆ, ದೂಧಗಂಗೆ, ವೇದಗಂಗೆಗಳ ಹಾಗೆ ಹರಿದಿದ್ದವು.

"ಆಧಾರ ಕಾರ್ಡಿಗಿಂತ ಚಂದ ಬಂದೈತಿ ಆಯಿ," ಅಂದ ಜಾವೇದ. "ಹತ್ತ ಪ್ರತಿ ತಗೀಲೇನ?"

ಕಿಟಕಿಯಲ್ಲಿ ಆ ಕಾಗದ ನೋಡಿ ನಿಲೇಶ ನಕ್ಕ ನಗುವಿಗೆ ಅವನ ಅಂಗಿಯ ಗುಂಡಿ ಹಾರಿ ಗೋಡೆಗೆ ಬಡಿಯಿತು. ಪಕ್ಕದ ಟೇಬಲ್ಲಿನವರನ್ನು ಕರೆದು ತೋರಿಸಿದ. ಅವರು ಫೋಟೊ ಹೊಡೆದುಕೊಂಡರು. ನಕ್ಕು ಸುಸ್ತಾದ ಮೇಲೆ ಕಣ್ಣೊರೆಸಿಕೊಂಡು, "ಇದು ನಡ್ಯಂಗಿಲ್ಲ," ಅಂದ.

"ಯಾಕ್ರಿ? ಮೂಲ ಪ್ರತಿ ಇಲ್ಲೈತಿ, ಝೆರಾಕ್ಸ ಅಲ್ಲೈತಿ."

"ಶಿಕ್ಕಾ ಎಲ್ಲೈತಿ? ಸರಕಾರದ ಮುದ್ರಿ ಇಲ್ದ ಯಾವ ಮೂಲ? ಶಿಕ್ಕಾ ಬಿದ್ರ ಕತ್ತೇನೂ ದಾಖಲೆ, ಶಿಕ್ಕಾ ಇಲ್ಲಂದ್ರ ನಿನ್ನ ಗಂಡನೂ ಕತ್ತೆ. ತಿಳೀತ? ಹೋಗಿನ್ನ. ಸೋಮವಾರ ಬಾ."

"ನಾಳೆ ಶನಿವಾರ ಐತ್ರಿ ಕಡೀ ದಿನಾ," ಅಂದಳು ಪೂನಮ.

"ಮುಂದಿನ ವರ್ಷಾನೂ ಶನಿವಾರ ಬರತಾವ."

ಕಿಟಕಿಯ ತೂತು ಒಂದು ಫೈಲು ಹಿಡಿಯುವಷ್ಟಿತ್ತು. ಜನಾಬಾಯಿಯ ಎಡದೋಳು ಒಂದು ಫೈಲಿಗಿಂತ ತೆಳ್ಳಗಿತ್ತು. ಹೆಗಲಿನವರೆಗೆ ತೂರಿಸಿ, ನಿಲೇಶನ ಮೊಣಕೈ ಪಕ್ಕದಲ್ಲಿದ್ದ ಗುಂಡು ಶಿಕ್ಕಾ ಎತ್ತಿಕೊಂಡಳು. ನೀಲಿ ಶಾಯಿಯ ಡಬ್ಬಿಗೆ ಒತ್ತಿ ಹೊರಗೆಳೆದು ತನ್ನ ಬಲ ಮುಂಗೈಗೆ ಧಪ್ಪನೆ ಬಡಿದಳು. ಇನ್ನೊಮ್ಮೆ. ಸಟವಾನ ಮೇಲೊಂದು, ಭಿವಾನ ಮೇಲೊಂದು. ಆ ಸಪ್ಪಳಕ್ಕೆ ಅರ್ಜಿಗಳ ಗುಡ್ಡ ಕುಸಿದು ಇಬ್ಬರು ಜವಾನರು ಕೆಳಗೆ ಸಿಕ್ಕರು.

"ಏ, ಏ, ಕಳ್ಳಮುದುಕಿ! ಹಿಡೀರಿ ಆಕೀನ!" ಎಂದು ಶಿಕ್ಕಾ ಕಿತ್ತುಕೊಳ್ಳಲು ಅದೇ ತೂತಿನಿಂದ ನಿಲೇಶ ಕೈ ಹಾಕಿದ. ಜನಾಬಾಯಿ ಆ ಕೈಯನ್ನು ಹಿಡಿದು, ಬಿಳಿ ಅಂಗಿಯ ತೋಳಿನ ಮೇಲೂ ಒಂದು ಒತ್ತಿದಳು.

"ತಗೋ ಭಾಡ್ಯಾ. ಈಗ ನೀನೂ ಹುಟ್ಟಿದಿ."

ಪಾಳಿ ನಗಲಿಲ್ಲ. ಹಿಂದೆ ನಿಂತಿದ್ದ ಒಬ್ಬ ಹೆಂಗಸು ತನ್ನ ಮುಂಗೈ ತಿರುಗಿಸಿ ನೋಡಿಕೊಂಡಳು.

ಶಿಕ್ಕಾ ಕಳವಿನ ದೂರಿನ ಮೇಲೆ ಎಳೆತಂದ ಪೊಲೀಸ್ ಠಾಣೆಯಲ್ಲಿ ಹವಾಲ್ದಾರ ದೊಡ್ಡ ಪುಸ್ತಕ ಬಿಚ್ಚಿದ. ಬೇಸರದಲ್ಲಿದ್ದ, ಊಟದ ಡಬ್ಬಿ ಅರ್ಧಕ್ಕೆ ನಿಂತಿತ್ತು.

"ಹೆಸರ?"

"ಜನಾಬಾಯಿ."

"ಗಂಡ?"

"ಸಟವಾ. ಅವ್ರಪ್ಪ ಭಿವಾ. ಭಿವಾನಪ್ಪ ಧೋಂಡಿ."

ಹವಾಲ್ದಾರ ಸಟವಾ ಭಿವಾ ಎಂದು ಬರೆದ. "ಜಾತಿ?"

"ಮಹಾರ."

ಬರೆದ. "ಊರ?"

"ತುಂಬರವಾಡಿ. ಮೊದ್ಲಿಂದೂ ಅಲ್ಲೇ ಅದೀವ್ರಿ."

ಅವನು ಬಾಯಲ್ಲಿ ಹೇಳಿಕೊಳ್ಳುತ್ತ ಬರೆದ: "ಸದರಿ ಗ್ರಾಮದ... ಪೂರ್ವಕಾಲದಿಂದ... ಖಾಯಂ ರಹವಾಸಿ."

ಜನಾಬಾಯಿ ಮುಂದಕ್ಕೆ ಬಾಗಿದಳು. "ಬರದ್ರೇನ್ರಿ?"

"ಬರದೆ."

"ಕಾಗದ ಕೇಳಲಿಲ್ಲಲ್ರಿ ನೀವು?"

"ಕಳವ ಮಾಡಿದವ್ರ ಜಾತಿಗೆ ಯಾಂವ ಕಾಗದ ಕೇಳ್ತಾನ ಮುದುಕಿ?"

ಮೂರು ತಿಂಗಳು ಎರಡು ರಾಜ್ಯ ತಿರುಗಿದರೂ ಯಾವ ಪುಸ್ತಕವೂ ಬರೆದುಕೊಳ್ಳದ್ದನ್ನು ಈ ಪುಸ್ತಕ ಒಂದು ತುತ್ತು ನುಂಗುವಷ್ಟರಲ್ಲಿ ಬರೆದುಕೊಂಡಿತ್ತು. ಪೂನಮ ಅಜ್ಜಿಯ ಹೆಗಲ ಮೇಲಿಂದ ಇಣುಕಿ ಎರಡು ಸಲ ಓದಿದಳು. ಕಪ್ಪು ಶಾಯಿ, ಮೇಲೆ ಪುಟದ ನಂಬರು, ಸರಕಾರದ ಮುದ್ರೆ.

"ಸರ್, ಇದರದೊಂದು ನಕಲ ಕೊಡ್ರಿ. ಇವತ್ತ."

ಅಷ್ಟರಲ್ಲಿ ತಾಲೂಕಾ ಕಚೇರಿಯಿಂದ ಫೋನು ಬಂತು. ಹವಾಲ್ದಾರ ಎದ್ದು ನಿಂತು ಹತ್ತು ಸಲ ಹೌದ್ರಿ ಅಂದ, ಕೂತ. "ನಡೀರಿ, ಮನೀಗೆ ಹೋಗ್ರಿ. ಕೇಸ ಬ್ಯಾಡಂತ. ಫೋಟೊ ಮೊಬೈಲದಾಗ ಹರದಾಡಾಕತ್ತಾವಂತ, ಕಚೇರಿ ಮರ್ಯಾದಿ ಹೋಗತೈತಂತ." ಪುಟವನ್ನು ಬೆರಳಿನಿಂದ ಹಿಡಿದು ಕೀಳಲು ಹೋದ.

ಜನಾಬಾಯಿಯ ಮುಂಗೈ ಪುಟದ ಮೇಲೆ ಬಿತ್ತು.

"ಹರೀಬ್ಯಾಡ್ರಿ. ಕಳವ ಮಾಡೀನಿ. ಕೇಸ ಹಾಕ್ರಿ."

"ಹುಚ್ಚ ಹಿಡದೈತೇನ? ಜೈಲ ಆಗತೈತಿ ಬೇ."

"ಆಗಲಿ. ಅಲ್ಲೂ ಒಂದ ಪುಸ್ತಕ ಇರತೈತಲ್ರಿ."

"ಕೈ ತಗಿ, ಮುದುಕಿ!"

ಆಕೆ ತೆಗೆಯಲಿಲ್ಲ. ಕೊಡದಷ್ಟೇ ತೂಕವಿದ್ದರೂ ಅದನ್ನೆಲ್ಲ ಆ ಕೈಗೆ ಬಿಟ್ಟು ನಿಂತಳು. ಪೂನಮ ತನ್ನೆರಡೂ ಕೈಗಳನ್ನು ಪಕ್ಕಕ್ಕಿಟ್ಟು ಒತ್ತಿದಳು. ಹವಾಲ್ದಾರ ಆಚೆಯ ಅಂಚು ಜಗ್ಗಿದ. ಕಾಗದ ನಡುವೆ ಬಿಗಿಯಾಗಿ ನಿಂತಿತು. ರಹವಾಸಿ ಅನ್ನುವಲ್ಲಿ ಉಗುರಿನಷ್ಟು ಸೀಳು ಬಿಟ್ಟಿತು. ಮೂವರಲ್ಲಿ ಯಾರೂ ಕೈ ಸಡಿಲಿಸಲಿಲ್ಲ.