ಪಾರಸಿಕರ ಪಕ್ಷದ ಜಯರಾಜ ಶೆಟ್ಟರು

ದಾರಾ ಕೋಟೆಯೆದುರು ಪಾರಸಿಕರು ರೋಮನರಿಗೆ ಸೋತು ಹದಿನೈದು ಶತಮಾನಗಳಾಗುತ್ತ ಬಂದವು; ಜಯರಾಜ ಶೆಟ್ಟರ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ. ಗಡಿಯಲ್ಲಿ ಹೊಸ ಕೋಟೆ ಕಟ್ಟುವುದಿಲ್ಲವೆಂದು ಒಪ್ಪಿದ್ದ ರೋಮನರು ಮಾತು ಮುರಿದು ದಾರಾವನ್ನು ಕಟ್ಟಿದರಲ್ಲ, ಆ ಅನ್ಯಾಯವನ್ನು ಅವರು ತಮ್ಮ ಹಿತ್ತಿಲ ಬೇಲಿಯನ್ನೇ ಯಾರೋ ಒತ್ತರಿಸಿದಷ್ಟು ಉರಿಯಿಂದ, ಫ್ರೀವೇಯಲ್ಲಿ ಕಾರು ಓಡಿಸುತ್ತಲೇ, ಸ್ಟಿಯರಿಂಗ್ ಬಿಟ್ಟು ಎರಡೂ ಕೈಯೆತ್ತಿ ವಿವರಿಸುತ್ತಾರೆ. "ಒಂದು ಕೈಯಾದ್ರೂ ಈ ಕಾಲದಲ್ಲಿ ಇರ್ಲಿ ಮಾರಾಯ್ರೆ," ಎನ್ನುತ್ತಾರೆ ಪಕ್ಕದಲ್ಲಿ ಕೂತ ಹೆಂಡತಿ ಸರೋಜಿನಿ.

ಉಡುಪಿ ಕಡೆಯ ಆಳು. ಎದೆ ಮೊದಲು ಬಂದು ಕಾಲು ಆಮೇಲೆ ಬರುವ ನಡಿಗೆ. ಈಗ ನೆಲೆಸಿರುವ ಸ್ಯಾನ್ ಹೊಸೆಯ ಆಗಸ್ಟ್ ಬಿಸಿಲಲ್ಲೂ ಮೈಬಿಡದ ಕಂದು ಕೋಟು. ವಾದಕ್ಕಿಳಿಯುವ ಮುನ್ನ ಅದರ ಗುಂಡಿಗಳನ್ನು ಕವಚಧಾರಣೆಯ ಗಾಂಭೀರ್ಯದಿಂದ ಹಾಕಿಕೊಳ್ಳುತ್ತಾರೆ. ಅವರ ಗ್ಯಾರೇಜಿನಲ್ಲಿ ತಾಳಮದ್ದಳೆ ನಡೆಯುತ್ತದೆ: ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹಾಡಿದ ಮೇಲೆ ಕೂತಲ್ಲೇ ಮಾತಿನ ಯುದ್ಧ. ಕಳೆದ ಬೇಸಿಗೆಯಲ್ಲಿ ದಾರಾ ಕಾಳಗವನ್ನೇ ಪ್ರಸಂಗವಾಗಿ ಕಟ್ಟಿದರು. ಪಾರಸಿಕ ಸೇನಾಪತಿ ಪೆರೋಜ್ ಆದವರು ಶೆಟ್ಟರೇ. ಕೋಟೆ ಕಾಯುವ ರೋಮನ್ ಬೆಲಿಸಾರಿಯಸ್, ಮೈಸೂರು ಕಡೆಯವನಾದ ನಾನು. ಕಥೆಯಲ್ಲಿ ಗೆಲ್ಲುವವನು ನಾನೇ. ಆದರೆ ಮಾತಿಗೆ ಮಾತು ಹೊಳೆಯದವನ ಗೆಲುವನ್ನು ಆ ಸಭೆಯಲ್ಲಿ ಯಾರೂ ಗೆಲುವೆನ್ನುವುದಿಲ್ಲ.

"ಸೇನಾಪತಿ, ನಾಳೆ ನಾನು ಮೀಯುವುದು ನಿನ್ನ ಕೋಟೆಯೊಳಗೆ," ಎಂದು ಪೆರೋಜ್ ಗುಡುಗಿದ.

ಸ್ನಾನ ಮಾಡುವುದಕ್ಕೆ ಕರಾವಳಿಯವರು ಮೀಯುವುದೆನ್ನುತ್ತಾರೆ. ನನ್ನ ಕಿವಿಗದು ಮೇಯುವುದೆಂದು ಬಿತ್ತು, ರಕ್ತ ನೆತ್ತಿಗೇರಿತು.

"ಮೇಯೋಕೆ ನೀನೇನು ದನವೋ?"

ಗ್ಯಾರೇಜಿಗೆ ಗ್ಯಾರೇಜೇ ನಗೆಯಲ್ಲಿ ಕುಲುಕಿತು. ಶೆಟ್ಟರು ನಗಲಿಲ್ಲ.

"ಮೇಯುವುದು ನನ್ನ ಕುದುರೆ, ಮೀಯುವುದು ನಾನು, ನೀರು ಕಾಯಿಸಿಡು. ಅದಿರಲಿ, ಇಷ್ಟೆತ್ತರದ ಗೋಡೆಯಿದ್ದೂ ಮುಂದೆ ಕಂದಕ ತೋಡಿಸಿದ್ದೀಯಲ್ಲ. ನಿನಗೆ ನಂಬಿಕೆಯಿಲ್ಲದ್ದು ಗೋಡೆಯ ಮೇಲೋ, ನಿನ್ನ ಜನರ ಮೇಲೋ?"

ಭಾಗವತ ಸಂಪತ್ ತಾಳ ಹಿಡಿದು, ನನ್ನ ಜವಾಬಿಗೆ ಕಾಯುತ್ತ ನನ್ನ ಮುಖವನ್ನೇ ನೋಡುತ್ತಿದ್ದರು. ಶೆಟ್ಟರಿಂದ ಇನ್ನೊಂದು ಮಾತು ಬಿದ್ದಿದ್ದರೆ ದಾರಾ ಅಲ್ಲೇ ಕುಸಿಯುತ್ತಿತ್ತು, ಅವರ ಸೇಡೂ ತೀರುತ್ತಿತ್ತು. ಅವರು ನನ್ನನ್ನು ನೋಡಿದರು. ಕೋಟಿನ ಮೇಲಿನ ಗುಂಡಿ ಬಿಚ್ಚಿದರು.

"ಕಂದಕ ಕಂಡು ನನ್ನ ಕುದುರೆಗಳು ಬೆದರುತ್ತಿವೆ. ಹೊರಟೆ," ಎಂದು ತಾವಾಗಿಯೇ ಸೋತರು.

ಆಮೇಲೆ ಕಾಫಿ ಕುಡಿಯುವಾಗ ಕೇಳಿದೆ: "ಗೆದ್ದೇಬಿಟ್ಟಿದ್ರಲ್ಲ ಶೆಟ್ರೆ, ಯಾಕೆ ಬಿಟ್ರಿ?"

"ಕಥೆ ಕೆಡಿಸ್ಲಿಕ್ಕೆ ನಾನು ಯಾರು? ಆದ್ರೆ ಜವಾಬು ಉಂಟಲ್ಲ, ಅದು ನೀವು ಕೊಡ್ಬೇಕು."

ಸೋಲುವ ಪಕ್ಷವನ್ನು ಪ್ರೀತಿಯಿಂದ ಆರಿಸಿಕೊಳ್ಳುವವರ ಜಾತಿಯೇ ಹೀಗೆ: ಯುದ್ಧವನ್ನು ಎದುರಾಳಿಗೆ ಬಿಟ್ಟುಕೊಟ್ಟು, ಒಂದು ಪ್ರಶ್ನೆಯನ್ನು ಗೆದ್ದವನ ತಲೆಗೆ ಹೊರಿಸಿ ಎದ್ದುಹೋಗುತ್ತಾರೆ. ಆ ಜವಾಬು ನನ್ನಿಂದ ಇವತ್ತಿಗೂ ಸಂದಿಲ್ಲ.